ಊರಿನ ಹಳೆ ಕಟ್ಟಡ, ಹಳೆ ಕಲ್ಲುಗಳ ಸರ್ವೆ ಮಾಡುವುದು ಹೇಗೆ? ಶಿರಸಿ ಮತ್ತು ಕರಾವಳಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ತಮ್ಮೂರಿನ ವೀರಗಲ್ಲು, ಬಸದಿ, ಕೋಟೆ, ಹಳೆ ಮನೆಗಳ ಪಟ್ಟಿ ಮಾಡಿ ಕಳಿಸುವವರು ಈಗ ಜಾಸ್ತಿಯಾಗಿದ್ದಾರೆ. ಇದು ನನಗೆ ನಿಜಕ್ಕೂ ಸಂತೋಷದ ವಿಷಯ. ಆದರೆ ಬರುವ ಪಟ್ಟಿಗಳಲ್ಲಿ ಹೆಚ್ಚಿನವು ಒಂದೇ ಕಡೆ ಸೋಲುತ್ತವೆ. ಇನ್ನೂರು ಫೋಟೊ ಇರುತ್ತವೆ. ಜೊತೆಗೆ "ಇದು ಕದಂಬರ ಕಾಲದ್ದು" ಎಂಬ ಒಂದು ಸಾಲು ಇರುತ್ತದೆ. ಯಾವ ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು, ಈಗ ಹೇಗಿದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ನಾನೂ ಹೀಗೇ ಸೋತಿದ್ದೇನೆ. ಸೋಂದೆ ಕಡೆಯ ಒಂದು ಬನದಲ್ಲಿ ಮೂರು ವೀರಗಲ್ಲು ನೋಡಿ, ಮೂರರ ಫೋಟೊ ತೆಗೆದು ಮನೆಗೆ ಬಂದೆ. ಅಳತೆ ಬರೆದಿರಲಿಲ್ಲ, ಯಾವುದು ಎಡಗಡೆ, ಯಾವುದು ಬಲಗಡೆ ಎಂದೂ ಬರೆದಿರಲಿಲ್ಲ. ಮಳೆಗಾಲ ಕಳೆದು ಹೋದಾಗ ಒಂದು ಕಲ್ಲು ಅಲ್ಲಿರಲಿಲ್ಲ. ಯಾವುದು ಹೋಯಿತು ಎಂದು ಕೇಳಿದವರಿಗೆ ನನ್ನಿಂದ ಖಚಿತವಾಗಿ ಹೇಳಲು ಆಗಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಆದ್ದರಿಂದ ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ. ಮೊದಲು ನಂಬರು, ಆಮೇಲೆ ಜಾಗ, ಆಮೇಲೆ ಫೋಟೊ, ಅಳತೆ, ಸ್ಥಿತಿ. ಯಾರ ಕಾಲದ್ದು ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ. ನಿಮ್ಮನ್ನು ನೋಡದೇ ಇರುವ ಒಬ್ಬರು, ಐದು ವರ್ಷ ಬಿಟ್ಟು, ನಿಮ್ಮ ಹಾಳೆ ಒಂದನ್ನೇ ಹಿಡಿದು ಅದೇ ಕಲ್ಲಿನ ಮುಂದೆ ಬಂದು ನಿಲ್ಲುವಂತಿರಬೇಕು.

## ಹಂತ 1: ಗಡಿ ಹಾಕಿಕೊಳ್ಳಿ

"ಇಡೀ ಶಿರಸಿ ತಾಲೂಕು" ಎಂದು ಶುರು ಮಾಡಿದವರು ಎರಡನೇ ತಿಂಗಳಿಗೆ ಬಿಡುತ್ತಾರೆ. ಒಂದು ಗ್ರಾಮ ತೆಗೆದುಕೊಳ್ಳಿ. ಕಂದಾಯ ಗ್ರಾಮದ ಗಡಿಯನ್ನೇ ನಿಮ್ಮ ಸರ್ವೆಯ ಗಡಿ ಮಾಡಿ. ಭೂದಾಖಲೆ ಇಲಾಖೆಯ ಗ್ರಾಮ ನಕ್ಷೆ ಸಿಗುತ್ತದೆ, ಅದರಲ್ಲಿ ಸರ್ವೆ ನಂಬರುಗಳಿರುತ್ತವೆ. ಫೋನಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ.

ಸಂರಕ್ಷಿತ ಸ್ಮಾರಕಗಳಿಂದ ಶುರು ಮಾಡಬೇಡಿ. ಬನವಾಸಿಯ ಮಧುಕೇಶ್ವರ, ಮಿರ್ಜಾನ್ ಕೋಟೆ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ ಇವೆಲ್ಲ ಈಗಾಗಲೇ ದಾಖಲೆಯಲ್ಲಿವೆ. ನಿಮ್ಮ ಶ್ರಮ ಬೇಕಿರುವುದು ಗದ್ದೆ ಬದುವಿನಲ್ಲಿ ವಾಲಿ ನಿಂತ ಕಲ್ಲಿಗೆ, ಮುಂದಿನ ವರ್ಷ ಕೆಡವಲು ತಯಾರಾದ ಮಣ್ಣಿನ ಗೋಡೆಯ ಮನೆಗೆ, ಹಳೆ ಬಾವಿಗೆ, ಹಾಳುಬಿದ್ದ ಕೆರೆಯ ತೂಬಿಗೆ. ದೇವಸ್ಥಾನದ ಜೊತೆ ಮಸೀದಿ, ಇಗರ್ಜಿ, ಹಳೆ ಶಾಲೆ, ಬಂದರಿನ ಗೋದಾಮು ಎಲ್ಲವೂ ಸೇರಲಿ.

## ಹಂತ 2: ಮನೆಯಲ್ಲಿ ಕೂತು ಮಾಡುವ ಕೆಲಸ

ಒಂದು ವಾರ ಇದಕ್ಕೇ ಇಡಿ. ಮೊದಲು ಜಾಗದ ಹೆಸರುಗಳನ್ನು ನೋಡಿ. ಬಸ್ತಿಕೇರಿ, ಕೋಟೆಗುಡ್ಡ, ಪೇಟೆಕೇರಿ, ಹಾಳೂರು, ಮಾಸ್ತಿಗದ್ದೆ, ಜಟ್ಗನ ಬನ. ಇಂಥ ಹೆಸರಿದ್ದಲ್ಲಿ ಏನೋ ಇದ್ದಿರುವ ಸಾಧ್ಯತೆ ಜಾಸ್ತಿ. ಇವನ್ನು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿ.

ಆಮೇಲೆ ಹಳೆಯ ಬರಹ. ಇಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ. ಶಾಸನ ಹುಡುಕಲು ನೇರವಾಗಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳನ್ನು ತೆರೆಯುತ್ತಾರೆ, ತಮ್ಮೂರು ಕಾಣದಿದ್ದಾಗ "ನಮ್ಮಲ್ಲಿ ಶಾಸನವೇ ಇಲ್ಲ" ಎಂದು ಬರೆದುಬಿಡುತ್ತಾರೆ. ಆ ಸಂಪುಟಗಳು ಮೂಲತಃ ಹಳೆ ಮೈಸೂರು ಸೀಮೆಯವು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಹೋಗಿ, 1956ರ ತನಕ ಅಲ್ಲೇ ಇತ್ತು. ಹಾಗಾಗಿ ಬಾಂಬೆ ಕರ್ನಾಟಕದ ಶಾಸನ ಸಂಪುಟಗಳನ್ನು, 1883ರ ಕೆನರಾ ಗೆಜೆಟಿಯರ್ ಅನ್ನು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳನ್ನು ನೋಡಬೇಕು. ರಾಜ್ಯ ಪುರಾತತ್ವ ಇಲಾಖೆ ನಿಮ್ಮ ತಾಲೂಕಿನ ಗ್ರಾಮವಾರು ಸರ್ವೆ ಮಾಡಿಸಿದೆಯೇ ಎಂದೂ ವಿಚಾರಿಸಿ.

## ಹಂತ 3: ಕೇಳಿಕೊಂಡು ಹೋಗಿ

ತೋಟದಲ್ಲಿ, ಬೆಟ್ಟದಲ್ಲಿ ಇರುವ ಕಲ್ಲಿಗೆ ಜಾಗದ ಒಡೆಯರ ಒಪ್ಪಿಗೆ ಬೇಕು. ದೇವಸ್ಥಾನಕ್ಕೆ ಮೊಕ್ತೇಸರರದ್ದು, ಅರ್ಚಕರದ್ದು. ಕಾಡಿನೊಳಗಾದರೆ ಅರಣ್ಯ ಇಲಾಖೆಯದ್ದು. ಜೊಯಿಡಾ, ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಒಪ್ಪಿಗೆ ಇಲ್ಲದೆ ಕಾಲಿಡಲೇಬೇಡಿ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್ ಇಡಲೂ ಮೊದಲೇ ಅನುಮತಿ ಬೇಕು.

ಡ್ರೋನ್ ವಿಷಯ ಒಂದು ಮಾತು. ಕಾರವಾರದ ಸುತ್ತ ನೌಕಾನೆಲೆ ಇದೆ, ಒಳಗೆ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ಸದಾಶಿವಗಡದ ಗುಡ್ಡ ಮೇಲಿನಿಂದ ಚೆಂದ ಕಾಣುತ್ತದೆ ಎಂದು ಡ್ರೋನ್ ಹಾರಿಸಿದರೆ ಪೊಲೀಸ್ ಕೇಸಾಗುತ್ತದೆ. ನಮ್ಮ ಕೆಲಸಕ್ಕೆ ಅದು ಬೇಕಾಗುವುದೂ ಇಲ್ಲ.

ಜನರ ಬಳಿ ಕೇಳುವಾಗ ಪುಸ್ತಕದ ಪದ ಬಳಸಬೇಡಿ. "ವೀರಗಲ್ಲು ಇದೆಯಾ?" ಎಂದರೆ ಇಲ್ಲ ಎನ್ನುತ್ತಾರೆ. ಅದೇ ಕಲ್ಲು ಅವರಿಗೆ ಜಟ್ಗ, ಬೀರ. ಸಹಗಮನ ಮಾಡಿದ ಹೆಂಗಸಿನ ನೆನಪಿನ ಮಾಸ್ತಿಕಲ್ಲು ಅವರ ಪಾಲಿಗೆ ಮಾಸ್ತಿಯಮ್ಮ. "ನಿಮ್ಮ ಬನದಲ್ಲಿ ಯಾವ ದೇವರ ಕಲ್ಲಿದೆ?" ಎಂದು ಕೇಳಿದರೆ ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಕಾರವಾರ, ಅಂಕೋಲಾ ಕಡೆ ಕೊಂಕಣಿ ಬಲ್ಲವರು ಒಬ್ಬರು ಜೊತೆಗಿದ್ದರೆ ಕೆಲಸ ಅರ್ಧ ಸಲೀಸು. ದನ ಕಾಯುವವರು, ಸೊಪ್ಪು ಕಡಿಯುವವರು, ಜೇನು ಕೀಳುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಪೂಜೆಯಲ್ಲಿರುವ ಕಲ್ಲಾದರೆ ಯಾವ ದಿನ ಬರಬಹುದು, ಎಷ್ಟು ಹತ್ತಿರ ಹೋಗಬಹುದು, ಮುಟ್ಟಬಹುದೇ ಎಂದು ಕೇಳಿಯೇ ಮುಂದುವರಿಯಿರಿ. ಬೇಡ ಎಂದರೆ ದೂರದಿಂದ ನೋಡಿದ್ದಷ್ಟನ್ನೇ ಬರೆಯಿರಿ.

## ಹಂತ 4: ಕಾಲ ಮತ್ತು ಸಾಮಾನು

ಮಳೆಗಾಲದಲ್ಲಿ ಪೊದೆ, ಪಾಚಿ, ಇಂಬಳ. ಏನೂ ಕಾಣುವುದಿಲ್ಲ. ಸೊಪ್ಪು ಒಣಗಿದ ಜನವರಿಯಿಂದ ಏಪ್ರಿಲ್ ಸರ್ವೆಗೆ ಒಳ್ಳೆಯದು. ಆದರೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಡಿಸೆಂಬರಿನಿಂದ ಮೇ ನಡುವೆ. ಸಿದ್ದಾಪುರ, ಹೊನ್ನಾವರ, ಶಿರಸಿಯ ಕಾಡಂಚಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನಿಂದ ಬರುವ ಗೆಳೆಯರಿಗೆ ಖಂಡಿತ ಹೇಳಿ. ಹೊರಡುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಹೋಗಬೇಡಿ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ, ಉಣುಗು ಹತ್ತದಂತೆ ಮೈಗೆ ಎಣ್ಣೆ. ತರಗೆಲೆ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ. ಅನಂತರದ ದಿನಗಳಲ್ಲಿ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ "ಕಾಡಿಗೆ ಹೋಗಿದ್ದೆ" ಎಂದು ಡಾಕ್ಟರಿಗೆ ಹೇಳಿ.

ನಡುಗಡ್ಡೆಗಳಿಗೆ, ಕೂರ್ಮಗಡ ಆಗಲಿ, ಹೊನ್ನಾವರದ ಬಸವರಾಜದುರ್ಗ ಆಗಲಿ, ಮಳೆಗಾಲದಲ್ಲಿ ಹೊರಡಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಉಳಿದ ಕಾಲದಲ್ಲೂ ಭರತ ಇಳಿತ ಬಲ್ಲ ಸ್ಥಳೀಯ ಮೀನುಗಾರರ ಜೊತೆಗೇ ಹೋಗಿ, ಮರಳುವ ಹೊತ್ತನ್ನು ಅವರೇ ನಿರ್ಧರಿಸಲಿ.

ಬೇಕಾಗುವ ಸಾಮಾನು ಇಷ್ಟೇ: 30 ಮೀಟರಿನ ಟೇಪು, 5 ಮೀಟರಿನ ಸ್ಟೀಲ್ ಟೇಪು, ಹತ್ತು ಸೆಂಟಿಮೀಟರಿಗೊಮ್ಮೆ ಕಪ್ಪು ಬಿಳಿ ಬಣ್ಣ ಬಳಿದ ಒಂದು ಮೀಟರ್ ಕೋಲು, ದಿಕ್ಸೂಚಿ, ಸ್ಲೇಟು, ಗ್ರಾಫ್ ಹಾಳೆ, ಕ್ಲಿಪ್ ಇರುವ ಹಲಗೆ, ಪೆನ್ಸಿಲು, ಜೋರು ಬೆಳಕಿನ ಟಾರ್ಚು, ಕಪ್ಪು ಕೊಡೆ, ಪವರ್ ಬ್ಯಾಂಕು. ಪೆನ್ನು ಬೇಡ. ಬೆವರು, ಮಂಜು ತಾಗಿದರೆ ಶಾಯಿ ಹರಡುತ್ತದೆ. ಕನಿಷ್ಠ ಇಬ್ಬರು ಹೋಗಿ. ಮೂವರಾದರೆ ಇಬ್ಬರು ಟೇಪು ಹಿಡಿದು, ಒಬ್ಬರು ಬರೆಯಬಹುದು.

## ಹಂತ 5: ಮೊದಲು ನಂಬರು

ಸ್ಥಳ ತಲುಪಿದ ಕೂಡಲೇ ಕ್ಯಾಮೆರಾ ತೆಗೆಯಬೇಡಿ. ಒಂದು ಸುತ್ತು ಹಾಕಿ, ಎಷ್ಟು ವಸ್ತುಗಳಿವೆ ಎಣಿಸಿ. ಪ್ರತಿಯೊಂದಕ್ಕೂ ಬೇರೆ ನಂಬರು ಕೊಡಿ. ತಾಲೂಕು, ಗ್ರಾಮ, ಸ್ಥಳ, ವಸ್ತು ಈ ಕ್ರಮದಲ್ಲಿ ಇರಲಿ. ಉದಾಹರಣೆಗೆ "ಶಿರ-ಸೋಂ-04-2" ಎಂದರೆ ಶಿರಸಿ ತಾಲೂಕು, ಸೋಂದೆ, ನಾಲ್ಕನೇ ಸ್ಥಳ, ಎರಡನೇ ಕಲ್ಲು. ಕೊಟ್ಟ ನಂಬರನ್ನು ಆಮೇಲೆ ಬದಲಿಸಬೇಡಿ. ಕಲ್ಲು ಕಳೆದುಹೋದರೂ ಆ ನಂಬರು ಬೇರೆ ಕಲ್ಲಿಗೆ ಹೋಗಬಾರದು.

ನಂಬರನ್ನು ಸ್ಲೇಟಿನ ಮೇಲೆ ಬರೆಯಿರಿ. ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದವರನ್ನು ನೋಡಿದ್ದೇನೆ. ಆ ಎಣ್ಣೆ ಬಣ್ಣ ಹೋಗುವುದಿಲ್ಲ, ತೆಗೆಯಲು ಹೋದರೆ ಅಕ್ಷರವೂ ಹೋಗುತ್ತದೆ.

## ಹಂತ 6: ಜಾಗ ಗುರುತಿಸಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಶಿರಸಿ 14 ಡಿಗ್ರಿ 37 ನಿಮಿಷ ಉತ್ತರದಲ್ಲಿದೆ. ದಶಾಂಶದಲ್ಲಿ ಬರೆದರೆ ಇದು 14.62. ಆದರೆ ನಿಮಿಷವನ್ನೇ ಚುಕ್ಕಿಯ ಮುಂದೆ ಇಟ್ಟು 14.37 ಎಂದು ಬರೆಯುವವರು ಇದ್ದಾರೆ. ಆಗ ನಿಮ್ಮ ಕಲ್ಲು ಸುಮಾರು 27 ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತದೆ. ನಿಮಿಷವನ್ನು 60ರಿಂದ ಭಾಗಿಸಿದರೆ ದಶಾಂಶ ಸಿಗುತ್ತದೆ. ಗೊಂದಲವೇ ಬೇಡ ಎಂದರೆ ಫೋನಿನ ಸೆಟ್ಟಿಂಗನ್ನೇ ದಶಾಂಶಕ್ಕೆ ಬದಲಿಸಿ, ಚುಕ್ಕಿಯ ಮುಂದೆ ಐದು ಅಂಕಿ ಬರೆದುಕೊಳ್ಳಿ.

ಇನ್ನೊಂದು ತಪಾಸಣೆ. ನಮ್ಮ ಜಿಲ್ಲೆಯೊಳಗೆ ಅಕ್ಷಾಂಶ ಸುಮಾರು 13.9ರಿಂದ 15.6, ರೇಖಾಂಶ 74ರಿಂದ 75.2. ಇದರ ಹೊರಗಿನ ಅಂಕಿ ಬಂದರೆ ಎಲ್ಲೋ ಅದಲು ಬದಲಾಗಿದೆ.

ದಟ್ಟ ಮರಗಳಡಿ ಫೋನಿನ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ಹೋಗುವುದು ಸಾಮಾನ್ಯ. ಎರಡು ಮೂರು ನಿಮಿಷ ನಿಂತು, ಅಂಕಿ ಸ್ಥಿರವಾದ ಮೇಲೆ ಬರೆಯಿರಿ. ಆಪ್ ತೋರಿಸುವ ನಿಖರತೆಯ ಮೀಟರನ್ನೂ ಪಕ್ಕದಲ್ಲಿ ಬರೆಯಿರಿ. ಅಷ್ಟೂ ಆದಮೇಲೆ, ಮಾತಿನಲ್ಲಿ ದಾರಿ ಬರೆಯಿರಿ: "ಕೆರೆ ಏರಿಯ ಉತ್ತರ ತುದಿಯಿಂದ ಪೂರ್ವಕ್ಕೆ 42 ಮೀಟರ್, ಧರೆಯ ಕೆಳಗೆ, ಮುಖ ಪಶ್ಚಿಮಕ್ಕೆ." ಗುರುತಿಗೆ ಮರವನ್ನೋ ಗೇಟನ್ನೋ ಇಟ್ಟುಕೊಳ್ಳಬೇಡಿ. ಕೆರೆ ಏರಿ, ಸೇತುವೆ, ಬಂಡೆ, ಬಾವಿಗಳು ಬೇಗ ಬದಲಾಗುವುದಿಲ್ಲ.

## ಹಂತ 7: ದೂರದಿಂದ ಹತ್ತಿರಕ್ಕೆ ಫೋಟೊ

ಮೊದಲ ಫೋಟೊ ಸ್ಲೇಟಿನದು. ಎರಡನೆಯದು ಇಡೀ ಜಾಗದ್ದು, ಹಿಂದೆ ಗುಡ್ಡ, ಮನೆ, ರಸ್ತೆ ಕಾಣುವಂತೆ. ಮೂರನೆಯದು ಎಲ್ಲ ಕಲ್ಲುಗಳು ಒಟ್ಟಿಗೆ ಇರುವಂಥದ್ದು. ಆಮೇಲೆ ಒಂದೊಂದೇ ವಸ್ತು, ನೇರ ಎದುರಿನಿಂದ, ಪಕ್ಕದಲ್ಲಿ ಮೀಟರ್ ಕೋಲು ನಿಲ್ಲಿಸಿ. ಬೆನ್ನು, ಎರಡೂ ಬದಿ ಬಿಡಬೇಡಿ. ಎಷ್ಟೋ ಕಲ್ಲುಗಳಲ್ಲಿ ಬರಹ ಹಿಂದಿನ ಮುಖಕ್ಕೂ ಮುಂದುವರಿದಿರುತ್ತದೆ. ಇನ್ನೊಂದು ವಸ್ತುವಿಗೆ ಹೋಗುವ ಮೊದಲು ಮತ್ತೆ ಸ್ಲೇಟು.

ಸವೆದ ಅಕ್ಷರ ಓದಲು ನಡು ಮಧ್ಯಾಹ್ನ ಪ್ರಯೋಜನವಿಲ್ಲ. ಬೆಳಗಿನ, ಸಂಜೆಯ ಓರೆ ಬಿಸಿಲು ಬೇಕು. ಬಿಸಿಲು ಬೀಳದ ಬನದಲ್ಲಿ ಕೊಡೆಯಿಂದ ನೆರಳು ಮಾಡಿ, ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ಅಂಟಿಸಿದಂತೆ ಪಕ್ಕದಿಂದ ಹಿಡಿಯಿರಿ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಒಂದೊಂದು ಫೋಟೊ. ಕ್ಯಾಮೆರಾ ಕದಲಬಾರದು, ಬೆಳಕು ಮಾತ್ರ ಜಾಗ ಬದಲಿಸಬೇಕು. ಬರಿಗಣ್ಣಿಗೆ ಏನೂ ಕಾಣದ ಕಲ್ಲಿನಲ್ಲಿ ಮೊದಲ ಸಲ ಸಾಲುಗಳು ಎದ್ದು ಬಂದಾಗ ಆಗುವ ಖುಷಿಗಾಗಿ ನಾನು ಈಗಲೂ ಸಂಜೆ ತನಕ ಕಾಯುತ್ತೇನೆ.

ಯಾವತ್ತೂ ಮಾಡಬಾರದ್ದು: ಅಕ್ಷರಕ್ಕೆ ಸೀಮೆಸುಣ್ಣ, ಹಿಟ್ಟು, ವಿಭೂತಿ, ಎಣ್ಣೆ ಹಚ್ಚುವುದು. ತಂತಿ ಬ್ರಷ್ಷಿನಿಂದ ಪಾಚಿ ಉಜ್ಜುವುದು. ಕತ್ತಿಯಿಂದ ಕೆರೆಯುವುದು. ಆಸಿಡ್ ಹಾಕುವುದು. ಬಿದ್ದ ಒಣ ಎಲೆ, ಸಡಿಲ ಮಣ್ಣನ್ನು ಮೆತ್ತನೆ ಕುಂಚದಿಂದ ಸರಿಸಿದರೆ ಸಾಕು. ಕಾಗದದ ಅಚ್ಚು ತೆಗೆಯುವುದು ಕಲಿತವರ ಕೆಲಸ, ಅದಕ್ಕೆ ಅನುಮತಿಯೂ ಬೇಕು. ಹೂತುಹೋದ ಕಲ್ಲನ್ನು ಅಗೆದು ನೋಡುವ ಆಸೆಯನ್ನೂ ತಡೆಯಿರಿ. ಸುತ್ತಲಿನ ಮಣ್ಣಿನ ಪದರವೂ ದಾಖಲೆಯೇ. ಒಮ್ಮೆ ಕದಡಿದರೆ ಮತ್ತೆ ಸಿಗುವುದಿಲ್ಲ. "ಕಾಣುವ ಎತ್ತರ 84 ಸೆಂ.ಮೀ., ಉಳಿದದ್ದು ಮಣ್ಣಿನಲ್ಲಿ" ಎಂದು ಬರೆದರೆ ಅದು ಪೂರ್ಣ ದಾಖಲೆಯೇ ಆಗುತ್ತದೆ.

## ಹಂತ 8: ಅಳತೆ ಮತ್ತು ನಕ್ಷೆ

ಕಲ್ಲಿಗೆ ಎತ್ತರ, ಅಗಲ, ದಪ್ಪ. ವೀರಗಲ್ಲಾದರೆ ಎಷ್ಟು ಅಂಕಣ (ಕೆತ್ತನೆಯ ಅಡ್ಡ ಪಟ್ಟಿ) ಎಂದು ಕೆಳಗಿನಿಂದ ಮೇಲಕ್ಕೆ ಎಣಿಸಿ, ಒಂದೊಂದರಲ್ಲೂ ಕಂಡದ್ದನ್ನು ಬರೆಯಿರಿ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗಪೂಜೆ ಇರುತ್ತದೆ. ಆದರೆ ಇರಬೇಕಾದದ್ದನ್ನಲ್ಲ, ಇರುವುದನ್ನು ಬರೆಯಿರಿ. "ಇಬ್ಬರು, ಒಬ್ಬನ ಕೈಯಲ್ಲಿ ಬಿಲ್ಲು, ನಡುವೆ ದನ" ಎಂದರೆ ಸಾಕು.

ಕಟ್ಟಡಕ್ಕೆ ಬೇರೆ ವಿಧಾನ. ಗೋಡೆಯ ಒಂದು ಮೂಲೆಯಲ್ಲಿ ಟೇಪಿನ ಸೊನ್ನೆ ಇಡಿ. ಟೇಪನ್ನು ಎತ್ತದೆ ಉದ್ದಕ್ಕೂ ಹಾಸಿ, ಕಿಟಕಿ ಶುರು, ಕಿಟಕಿ ಕೊನೆ, ಬಾಗಿಲು ಶುರು, ಬಾಗಿಲು ಕೊನೆ ಎಲ್ಲವನ್ನೂ ಅದೇ ಸೊನ್ನೆಯಿಂದ ಓದಿ. ಒಂದೊಂದನ್ನೇ ಬಿಡಿಯಾಗಿ ಅಳೆದು ಕೂಡಿಸಿದರೆ ಸಣ್ಣ ಸಣ್ಣ ತಪ್ಪು ಸೇರಿ ಕೊನೆಗೆ ಗೋಡೆಯೇ ಒಂದು ಗೇಣು ಉದ್ದವಾಗುತ್ತದೆ.

ಪ್ರತಿ ಕೋಣೆಯ ಎರಡೂ ಕರ್ಣ ಅಳೆಯಿರಿ. ಹಳೆ ಮನೆಗಳಲ್ಲಿ ಮೂಲೆಮಟ್ಟ ಸರಿಯಾಗಿ ಇರುವುದು ಅಪರೂಪ. ಕರ್ಣ ಇಲ್ಲದಿದ್ದರೆ ಮನೆಗೆ ಬಂದು ಬಿಡಿಸುವಾಗ ಕೋಣೆಯ ಗೆರೆಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಗ್ರಾಫ್ ಹಾಳೆಯಲ್ಲಿ ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಹಿಡಿದರೆ ಸಾಮಾನ್ಯ ಮನೆ ಒಂದು ಪುಟದಲ್ಲಿ ಕೂರುತ್ತದೆ. ಉತ್ತರ ದಿಕ್ಕಿನ ಬಾಣ ಅಲ್ಲೇ ಹಾಕಿ. ಕಚ್ಚಾ ನಕ್ಷೆಯನ್ನು ಸ್ಥಳ ಬಿಡುವ ಮೊದಲೇ ಮುಗಿಸಿ. "ಮನೆಗೆ ಹೋಗಿ ಬರೆದರಾಯಿತು" ಎಂದ ನಕ್ಷೆಗಳು ಯಾವತ್ತೂ ಸರಿ ಬಂದಿಲ್ಲ.

## ಹಂತ 9: ಸ್ಥಿತಿ, ಅಪಾಯದ ಗುರುತುಗಳು

ಗೋಡೆ ಯಾವುದರದ್ದು? ಚಿರೆಕಲ್ಲು, ಮಣ್ಣು, ಇಟ್ಟಿಗೆ? ಗಾರೆ ಸುಣ್ಣದ್ದೋ ಸಿಮೆಂಟೋ? ಇದನ್ನು ಬರೆಯಲೇಬೇಕು. ಯಾಕೆಂದರೆ ಕರಾವಳಿಯ ದೊಡ್ಡ ಹಾನಿ ಇಲ್ಲೇ ಶುರುವಾಗುತ್ತದೆ. ಚಿರೆಕಲ್ಲು ನೀರು ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು, ಉಪ್ಪು ಹರಳುಗಟ್ಟಿ, ಕಲ್ಲು ಒಳಗಿನಿಂದ ಪುಡಿಯಾಗುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ, ಉಬ್ಬಿದ ಗಾರೆ, ತಟ್ಟಿದರೆ ಟೊಳ್ಳು ಸದ್ದು ಇವು ಅದರ ಗುರುತು.

ಬಿರುಕನ್ನು "ಬಿರುಕು ಬಿಟ್ಟಿದೆ" ಎಂದು ಬಿಡಬೇಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಮೇಲೆ ಅಗಲವೋ ಕೆಳಗೆ ಅಗಲವೋ ಬರೆಯಿರಿ. ಮೆಟ್ಟಿಲಿನ ಹಾಗೆ ಓರೆಯಾಗಿ ಹೋಗಿದ್ದರೆ ಬುಡ ಕುಸಿಯುತ್ತಿರಬಹುದು. ಬಿರುಕಿನ ಒಳಗೆ ಜೇಡರ ಬಲೆ, ಧೂಳು ಇದ್ದರೆ ಹಳೆಯದು. ಅಂಚು ಚೂಪಾಗಿ, ಬಣ್ಣ ಹೊಸದಾಗಿದ್ದರೆ ಈಗ ನಡೆಯುತ್ತಿದೆ. ಗೋಡೆ ಹೊಟ್ಟೆ ಬಂದಿದ್ದರೆ ಒಳಗೆ ಹೋಗಬೇಡಿ. ಹೊರಗಿನಿಂದಲೇ ಫೋಟೊ ತೆಗೆದು, ಹಾಳೆಯ ಮೇಲೆ "ತುರ್ತು" ಎಂದು ಬರೆಯಿರಿ.

ಅರಳಿ, ಅತ್ತಿ, ಗೋಳಿ ಗಿಡ ಗೋಡೆಯಲ್ಲಿ ಬೇರು ಬಿಟ್ಟಿದ್ದರೆ ಬರೆದುಕೊಳ್ಳಿ, ಕಿತ್ತು ಎಳೆಯಬೇಡಿ. ಬೇರಿನ ಜೊತೆ ಕಲ್ಲೂ ಬರುತ್ತದೆ. ಮರದ ತೊಲೆ, ಕಂಬಗಳಲ್ಲಿ ಒರಲೆ ದಾರಿ ಹುಡುಕಿ. ಹೆಂಚು ಜರುಗಿದ ಜಾಗದ ಕೆಳಗಿನ ತೊಲೆಯನ್ನು ಮೊದಲು ನೋಡಿ.

ಕೆಂಪು ಬಿಳಿ ಕಾವಿ ಚಿತ್ರ ಇರುವ ಗೋಡೆ ಸಿಕ್ಕರೆ ಎಲ್ಲ ಬಿಟ್ಟು ಅದಕ್ಕೆ ಹೊತ್ತು ಕೊಡಿ. ಹಸಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಬಳಿದು, ಕೆರೆದು, ಕೆಳಗಿನ ಬಿಳಿ ಕಾಣಿಸುವ ಈ ಕಲೆ ಕೊಂಕಣ ಕರಾವಳಿಯ ಸೊತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಟೈಲ್ಸ್, ಡಿಸ್ಟೆಂಪರ್ ಬಂದು ಇದು ಒಂದೊಂದೇ ಗೋಡೆಯಾಗಿ ಮಾಯವಾಗುತ್ತಿದೆ. ಗೋಡೆಯನ್ನು ಅರ್ಧ ಅರ್ಧ ಮೀಟರಿನ ಚೌಕಗಳಾಗಿ ಮನಸ್ಸಿನಲ್ಲೇ ಭಾಗಿಸಿ, ಪ್ರತಿ ಚೌಕದ ಫೋಟೊ ತೆಗೆಯಿರಿ, ಅಂಚುಗಳು ಒಂದರ ಮೇಲೊಂದು ಬರಲಿ.

ಹೊಸದಾಗಿ ಅಗೆದ ಗುಂಡಿ, ಪಕ್ಕದಲ್ಲಿ ಕುಂಕುಮ, ಕೊಯ್ದ ನಿಂಬೆಹಣ್ಣು ಕಂಡರೆ ಅದು ನಿಧಿಗಳ್ಳರ ಕೆಲಸ. ಯಾವುದನ್ನೂ ಮುಟ್ಟಬೇಡಿ. ಫೋಟೊ ತೆಗೆದು ಅದೇ ದಿನ ಪೊಲೀಸರಿಗೆ, ತಹಶೀಲ್ದಾರರಿಗೆ ತಿಳಿಸಿ. ನಾಣ್ಯ, ವಿಗ್ರಹ ಸಿಕ್ಕರೂ ಹೀಗೇ. ಜೋಪಾನ ಮಾಡುವ ಉದ್ದೇಶದಿಂದಲೂ ಮನೆಗೆ ತರಬೇಡಿ.

## ಹಂತ 10: ಕೊನೆಗೆ ಕಾಲ ಮತ್ತು ಕಥೆ

ನಮ್ಮಲ್ಲಿ ಹಳೆಯದೆಲ್ಲ ಘಟ್ಟದ ಮೇಲೆ ಕದಂಬರದ್ದು ಅಥವಾ ಸೋಂದೆ ಅರಸರದ್ದು, ಘಟ್ಟದ ಕೆಳಗೆ ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯದ್ದು. ಉಳಿದದ್ದನ್ನು ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದ್ದಾರೆ. ಈ ಮಾತುಗಳನ್ನು ಬಿಡಬೇಡಿ, "ಊರವರ ಹೇಳಿಕೆ" ಎಂಬ ಕಾಲಮ್ಮಿನಲ್ಲಿ ಅವರ ಮಾತಿನಲ್ಲೇ ಬರೆಯಿರಿ. ಕಾಲದ ಕಾಲಮ್ಮು ಬೇರೆ. ಅದರಲ್ಲಿ ಆಧಾರ ಇದ್ದರೆ ಮಾತ್ರ ಬರೆಯಿರಿ, ಇಲ್ಲದಿದ್ದರೆ ಖಾಲಿ ಇರಲಿ. ಖಾಲಿ ಕಾಲಮ್ಮಿನಿಂದ ಯಾರಿಗೂ ತೊಂದರೆ ಇಲ್ಲ. ತಪ್ಪು ಶತಮಾನ ಒಮ್ಮೆ ಬರೆದರೆ ಹತ್ತು ಕಡೆ ನಕಲಾಗುತ್ತದೆ, ಅಲ್ವಾ?

ಶಾಸನದಲ್ಲಿ ಶಕವರ್ಷ ಇದ್ದರೆ 78 ಕೂಡಿಸಿ. ಶಕ 1500 ಎಂದರೆ ಸುಮಾರು ಕ್ರಿ.ಶ. 1578. ಜೊತೆಗಿರುವ ಸಂವತ್ಸರದ ಹೆಸರೂ ಆ ವರ್ಷಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಒಂದು ಅಂಕಿ ತಪ್ಪಾಗಿ ಓದಿರಬಹುದು. ಮನೆಯ ಕಾಲ ಹೇಳಲು ಹೆಂಚನ್ನು ನಂಬಬೇಡಿ. ಹೆಂಚಿನ ಮೇಲೆ ಕಾರ್ಖಾನೆಯ ಹೆಸರಿರುವುದು ಉಪಯುಕ್ತ. ಆದರೆ ಮಂಗಳೂರು ಹೆಂಚಿನ ಕಾರ್ಖಾನೆಗಳು ಶುರುವಾದದ್ದೇ 1860ರ ದಶಕದಲ್ಲಿ. ಅದಕ್ಕಿಂತ ಹಳೆಯ ಎಷ್ಟೋ ಮನೆಗಳು ಹುಲ್ಲು, ನಾಡ ಹೆಂಚು ತೆಗೆದು ಆಮೇಲೆ ಇದನ್ನು ಹೊದಿಸಿಕೊಂಡಿವೆ.

## ಹಂತ 11: ಅದೇ ರಾತ್ರಿ, ಮತ್ತು ಮಳೆ ಕಳೆದ ಮೇಲೆ

ಎಷ್ಟೇ ಸುಸ್ತಾಗಿದ್ದರೂ ಫೋಟೊಗಳಿಗೆ ಅದೇ ರಾತ್ರಿ ಹೆಸರಿಡಿ: ವಸ್ತುವಿನ ನಂಬರು, ದಿನಾಂಕ, ಕ್ರಮಸಂಖ್ಯೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಅಕ್ಷರ ಕಲಸಿಹೋಗುತ್ತದೆ, ಜಾಗದ ಮಾಹಿತಿಯೂ ಅಳಿಸುತ್ತದೆ. ಕೇಬಲ್ಲಿನಲ್ಲಿ ನೇರವಾಗಿ ಕಂಪ್ಯೂಟರಿಗೆ ಹಾಕಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ.

ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ಊರಿನ ಗ್ರಂಥಾಲಯಕ್ಕೆ, ಒಂದು ಪುರಾತತ್ವ ಇಲಾಖೆಗೆ, ಒಂದು ಜಾಗದ ಒಡೆಯರಿಗೆ ಕೊಡಿ. ಎತ್ತಿಕೊಂಡು ಹೋಗುವಷ್ಟು ಚಿಕ್ಕ ವಿಗ್ರಹ, ಕಂಚಿನ ವಸ್ತುಗಳ ನಿಖರ ಜಾಗವನ್ನು ಫೇಸ್‌ಬುಕ್ಕಿನಲ್ಲಿ ಹಾಕಬೇಡಿ. ಗ್ರಾಮದ ಹೆಸರು ಸಾಕು. ಪೂರ್ತಿ ಅಕ್ಷಾಂಶ ರೇಖಾಂಶ ಇಲಾಖೆಗೆ ಕೊಟ್ಟ ಪ್ರತಿಯಲ್ಲಿರಲಿ.

ಅಕ್ಟೋಬರ್ ಕೊನೆಗೆ, ಮಳೆ ಬಿಟ್ಟ ಮೇಲೆ, "ತುರ್ತು" ಎಂದು ಬರೆದ ಹಾಳೆಗಳನ್ನು ಮೊದಲು ತೆಗೆದುಕೊಂಡು ಮತ್ತೆ ಹೋಗಿ. ಹಳೆ ಫೋಟೊದ ಪ್ರಿಂಟು ಕೈಯಲ್ಲಿರಲಿ. ಅದನ್ನು ತೆಗೆದ ಜಾಗದಲ್ಲೇ ನಿಂತು, ಅದೇ ಕೋನದಲ್ಲಿ, ಮೀಟರ್ ಕೋಲನ್ನು ಅದೇ ಬದಿಗೆ ನಿಲ್ಲಿಸಿ ಹೊಸ ಫೋಟೊ ತೆಗೆಯಿರಿ. ಬಿರುಕಿನ ಅಗಲವನ್ನು ಮತ್ತೆ ಅಳೆದು, ಹೊಸ ತಾರೀಖಿನ ಜೊತೆ ಹಳೆ ಅಂಕಿಯ ಕೆಳಗೆ ಬರೆಯಿರಿ.